ಪದ್ಮಿನಿಗೆ ಕೆಂಪು ಬೆಲ್ಟು

ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರೀಲಿ ಇಡ್ಲಿ ತಿನ್ನಲು ಹೊರಟ ಹಳೇ ಕಾರುಗಳನ್ನು ನೋಡಿದ್ದೀರಲ್ವಾ? ಅದರಲ್ಲೊಂದು ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಏರು ಬಂದರೆ ಏದುಸಿರು. ಒಳಗೆ ಓನರ್ ಸಾಹೇಬರು ಕೆಂಪು ರೇಸಿಂಗ್ ಹಾರ್ನೆಸ್ ಬಿಗಿದುಕೊಂಡು ಕೂತಿದ್ದಾರೆ. ನಾಲ್ಕು ಪಾಯಿಂಟಿನದು, ಅಂದರೆ ನಾಲ್ಕು ಕಡೆ ಕಾರಿಗೆ ಬಿಗಿಯುವಂಥದ್ದು.

ರೇಸ್ ಕಾರಿನಲ್ಲಿ ಈ ಬೆಲ್ಟಿಗೆ ದೊಡ್ಡ ಸಂಸಾರವೇ ಇರುತ್ತದೆ. ಬಕೆಟ್ ಸೀಟು, ಕಾರು ಮಗುಚಿದರೂ ಕಾಯುವ ಕೊಳವೆಗಳ ಪಂಜರ ಅಂದರೆ ರೋಲ್ ಕೇಜ್, ಹೆಲ್ಮೆಟ್, ಕುತ್ತಿಗೆ ಕಾಯುವ ಹ್ಯಾನ್ಸ್. ಸಾಹೇಬರು ಬೆಲ್ಟೊಂದನ್ನೇ ಮನೆಗೆ ತಂದಿದ್ದಾರೆ.

ಭುಜದ ಪಟ್ಟಿಗಳು ಆದಷ್ಟು ನೇರವಾಗಿ ಹಿಂದಕ್ಕೆ ಹೋಗಬೇಕು. ಕಾರ್ ರೇಸುಗಳ ಜಾಗತಿಕ ಸಂಸ್ಥೆ ಎಫ್‌ಐಎ ಪ್ರಕಾರ ಇಳಿಜಾರು 45 ಡಿಗ್ರಿ ಮೀರುವಂತಿಲ್ಲ, 10 ಡಿಗ್ರಿಯೊಳಗಿದ್ದರೆ ಒಳ್ಳೆಯದು. ಪದ್ಮಿನಿಯಲ್ಲಿ ಅದನ್ನು ಕಟ್ಟೋದಾದರೂ ಎಲ್ಲಿಗೆ? ಫ್ಲೋರ್ ಇದೆಯಲ್ಲ! ಸೀಟಿನ ಹಿಂದೆಯೇ ಡ್ರಿಲ್ ಹೊಡೆದು, ಒಂದು ಬೋಲ್ಟು, ಒಂದು ವಾಷರ್, ಮುಗೀತು. ಮ್ಯಾಟ್ ಎತ್ತಿದರೆ ಆ ಫ್ಲೋರಿನ ತುಕ್ಕು ತೂತಿನಲ್ಲಿ ರಸ್ತೆ ಕಾಣುತ್ತದೆ. ಕಾರು ಎಲ್ಲಾದರೂ ಗುದ್ದಿತು ಅನ್ನಿ, ಪಟ್ಟಿ ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯನ್ನು ಅದುಮುತ್ತದೆ. ಅದೂ ಬೋಲ್ಟು ಕಿತ್ತು ಬರದಿದ್ದರೆ. ಕಿತ್ತು ಬಂದರೆ ಬೆನ್ನು ಬಚಾವ್, ಹಣೆ ಸ್ಟೀರಿಂಗಿಗೆ.

ತೊಡೆಗಳ ನಡುವೆ ಹಾಯುವ ಪಟ್ಟಿಯೂ ಇಲ್ಲ. ಅದಿಲ್ಲದಿದ್ದರೆ ಭುಜದ ಪಟ್ಟಿಗಳು ಸೊಂಟದ ಬೆಲ್ಟನ್ನು ಹೊಟ್ಟೆಗೆ ಎಳೆಯುತ್ತವೆ, ಮನುಷ್ಯ ಅಡಿಯಿಂದ ಜಾರುತ್ತಾನೆ. ಯಾಕೆ ಸಾರ್ ಹಾಕಿಸಿಲ್ಲ ಎಂದರೆ, ಪಂಚೆ ಉಟ್ಟಾಗ ಕಷ್ಟವಂತೆ.

ಬಿಗಿಯಾಗಿ ಕಟ್ಟಿದರೆ ಗ್ಲೋವ್ ಬಾಕ್ಸಿಗೆ ಕೈ ಎಟುಕೋದಿಲ್ಲ. ಹಾಗಾಗಿ ಸಾಹೇಬರು ಸಡಿಲ ಬಿಡುತ್ತಾರೆ. ಸಡಿಲ ಹಾರ್ನೆಸ್ ಕಾಯೋದು ಸನ್ಮಾನದ ಹಾರ ಕಾದಷ್ಟೇ.

"ಮಾಮೂಲಿ ಮೂರು ಪಾಯಿಂಟಿನ ಬೆಲ್ಟು ಹಾಕಿಸಿ ಸಾರ್. ಮೊದಲು ತುಕ್ಕು ತೆಗೆಸಿ ಗಟ್ಟಿ ಪ್ಲೇಟ್ ವೆಲ್ಡ್ ಮಾಡಿಸಿ. ವೋಲ್ವೋದವರು 1959ರಲ್ಲೇ ಆ ಬೆಲ್ಟು ಕಾರಿಗೆ ಹಾಕಿ, ಪೇಟೆಂಟನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು."

"ಫೋಟೋದಲ್ಲಿ ಕಾಣೋದಿಲ್ಲ ಕಣ್ರೀ."

ಇವರ ಆಫೀಸಿನ ಹೊಸ ಕಾರಿನಲ್ಲಿ ಆ ಮಾಮೂಲಿ ಬೆಲ್ಟಿದೆ. ಅದರ ಬಕಲ್‌ನಲ್ಲಿ ಒಂದು ಖಾಲಿ ಕ್ಲಿಪ್ ಸಿಕ್ಕಿಸಿದೆ, ಬೆಲ್ಟು ಹಾಕದಿದ್ದಾಗ ಬರುವ ಟಿಂಗ್ ಟಿಂಗ್ ಸದ್ದು ಅಡಗಿಸಲು. ಇಂಥ ಕ್ಲಿಪ್ ಮಾರಬೇಡಿ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟಿತು. ಸಾಹೇಬರಿಗೆ ಚಿಂತೆಯಿಲ್ಲ. ಅಷ್ಟರಲ್ಲಾಗಲೇ ಜೋಡಿ ತರಿಸಿದ್ದರು. ಪಕ್ಕದ ಸೀಟಿಗೂ ಬೇಕಲ್ಲ!