ಸಣ್ಣಗಿದ್ದರೆ ಸಾಕಾ?

ನಮ್ಮ ಕಡೆ ಯಾರನ್ನಾದರೂ ತುಂಬಾ ದಿನದ ಮೇಲೆ ನೋಡಿದರೆ ಮೊದಲು ಬರುವ ಮಾತು ಎರಡೇ. 'ಏನೋ, ದಪ್ಪ ಆಗಿಬಿಟ್ಟಿದ್ದೀಯಾ', ಇಲ್ಲಾಂದ್ರೆ 'ಯಾಕೆ ಇಷ್ಟು ಇಳಿದುಹೋಗಿದ್ದೀಯಾ, ಅಲ್ಲಿ ಊಟ ಸರಿ ಇಲ್ವಾ'. ಜಪಾನಿಗೆ ಬಂದು ನೆಲೆಸಿದ ಮೇಲೆ ಊರಿಗೆ ಹೋದಾಗಲೆಲ್ಲ ಇವೆರಡರಲ್ಲಿ ಒಂದನ್ನು ಕೇಳುತ್ತೇನೆ. ಪ್ರೀತಿಯಿಂದ ಕೇಳುವ ಮಾತು, ಅದಕ್ಕೆ ಬೇಜಾರಿಲ್ಲ. ಆದರೆ ಕಣ್ಣಲ್ಲೇ ಮೈ ಅಳೆದು, ಸಣ್ಣಗಿದ್ದರೆ ಆರೋಗ್ಯ, ದಪ್ಪಗಿದ್ದರೆ ಕಾಯಿಲೆ ಅಂತ ತೀರ್ಮಾನ ಮಾಡುವ ಅಭ್ಯಾಸ ಇದೆಯಲ್ಲ, ಅದು ನಮಗೆ ಬಹಳ ನಷ್ಟ ಮಾಡುತ್ತಿದೆ. ಜಪಾನಿನವರಿಗೂ ಇದೇ ಅಭ್ಯಾಸ ಇನ್ನೊಂದು ರೀತಿಯಲ್ಲಿ ಇದೆ.

ಟೋಕಿಯೋದ ನಿಶಿಕಸಾಯ್ ಸುತ್ತಮುತ್ತ ಭಾರತೀಯರು ಜಾಸ್ತಿ. ಅದರಲ್ಲೂ ಐಟಿಯವರು. ಇಲ್ಲಿ ಕೆಲಸಕ್ಕೆ ಸೇರಿದರೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕಡ್ಡಾಯ. 2008ರಿಂದ 40ರಿಂದ 74 ವಯಸ್ಸಿನವರಿಗೆ ಸೊಂಟದ ಸುತ್ತಳತೆಯನ್ನೂ ತಪಾಸಣೆಯಲ್ಲಿ ಸೇರಿಸಿದ್ದಾರೆ. ನರ್ಸ್ ಬಂದು ಹೊಕ್ಕುಳಿನ ಮಟ್ಟಕ್ಕೆ ಟೇಪ್ ಸುತ್ತುತ್ತಾರೆ. ಉಸಿರು ಬಿಡಿ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ ಅನ್ನುತ್ತಾರೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ಅದನ್ನು ದಾಟಿ, ಜೊತೆಗೆ ಬಿಪಿ, ಸಕ್ಕರೆ, ರಕ್ತದ ಕೊಬ್ಬು ಇವುಗಳಲ್ಲಿ ಯಾವುದಾದರೂ ಏರಿದ್ದರೆ ಕೂರಿಸಿಕೊಂಡು ಊಟ, ವ್ಯಾಯಾಮದ ಬಗ್ಗೆ ಹೇಳುತ್ತಾರೆ. ದಂಡ ಏನೂ ಇಲ್ಲ. ಇದಕ್ಕೆ 'ಮೆಟಾಬೊ' ಅಂತ ಹೆಸರಾಗಿ, ಮನೆಮನೆಯಲ್ಲೂ ಆಡುವ ಮಾತಾಗಿದೆ.

ಈ ಟೇಪಿನ ಮುಂದೆ ನಮ್ಮ ಹುಡುಗರನ್ನು ನೋಡಬೇಕು. ಕೈಕಾಲು ಕಡ್ಡಿ, ಕೆನ್ನೆ ಒಳಗೆ, ತೂಕ ನಾರ್ಮಲ್, ಆದರೆ ಶರ್ಟಿನ ಕೆಳಗಿನ ಎರಡು ಗುಂಡಿಗಳ ಹತ್ತಿರ ಮಾತ್ರ ಬಟ್ಟೆ ಬಿಗಿ. ಊರಲ್ಲಿ ಇವರಿಗೆ ಎಲ್ಲರೂ 'ಇನ್ನೊಂದು ಸ್ವಲ್ಪ ಹಾಕ್ಕೋ, ಎಷ್ಟು ಸಣ್ಣಗಿದ್ದೀಯಾ' ಅಂತ ಬಡಿಸುತ್ತಲೇ ಇರುತ್ತಾರೆ. ರಿಪೋರ್ಟ್ ಬಂದಾಗ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬಿನ ಮುಂದೆ ಕೆಂಪು ಗುರುತು, ಲಿವರ್ ಮುಂದೆ ಇನ್ನೊಂದು.

ಇದು ನನ್ನ ಕಲ್ಪನೆ ಅಲ್ಲ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂದಿತ್ತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಅಂದರೆ ಎತ್ತರಕ್ಕೆ ತಕ್ಕ ತೂಕ, ನೋಡಿದರೆ ಇಬ್ಬರೂ ಆರೋಗ್ಯವಂತರು. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರದ್ದು ಶೇಕಡಾ 9.1, ಯಾಜ್ಞಿಕ್ ಅವರದ್ದು 21.2. ಎರಡು ಪಟ್ಟಿಗಿಂತ ಜಾಸ್ತಿ! ತಕ್ಕಡಿ ಇಬ್ಬರಿಗೂ ಒಂದೇ ಉತ್ತರ ಕೊಡುತ್ತದೆ, ಮೈಯೊಳಗಿನ ಕತೆ ಬೇರೆ. ನಮ್ಮ ಜನಕ್ಕೆ ಸ್ನಾಯು ಕಡಿಮೆ, ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿ. ಹುಟ್ಟುವಾಗಲೇ ಹಾಗೆ ಇರುತ್ತೇವೆ ಅಂತ ಪುಣೆಯ ಹಸುಗೂಸುಗಳನ್ನು ಅಳೆದು ಯಾಜ್ಞಿಕ್ ಅವರೇ ತೋರಿಸಿದರು.

ಹುಟ್ಟನ್ನು ಬದಲಾಯಿಸಲು ಆಗುವುದಿಲ್ಲ, ಸರಿ. ಆದರೆ ಅಂಥ ಮೈಗೆ ನಾವು ದಿನಾ ಏನು ಹಾಕುತ್ತೇವೆ ನೋಡಿ. ಬೆಳಿಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ. ಇವುಗಳಲ್ಲಿ ಯಾವುದು ತಿಂದರೂ ಮುಖ್ಯವಾಗಿ ಅಕ್ಕಿ ಅಥವಾ ರವೆ. ಮಧ್ಯಾಹ್ನ ಅನ್ನ ಸಾಂಬಾರು, ಆಮೇಲೆ ಅನ್ನ ಸಾರು, ಕೊನೆಗೆ ಅನ್ನ ಮೊಸರು. ನಾಲ್ಕು ಗಂಟೆಗೆ ಸಕ್ಕರೆ ಹಾಕಿದ ಟೀ, ಜೊತೆಗೆ ಬನ್ನು ಅಥವಾ ಬೋಂಡಾ. ರಾತ್ರಿ ಚಪಾತಿ, 'ಸ್ವಲ್ಪ' ಅನ್ನ. ಪಲ್ಯ ಎರಡು ಚಮಚ, ಬೇಳೆ ಸಾರಿನ ತಳದಲ್ಲಿ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೊಡ್ಡ ಸಮೀಕ್ಷೆಯ ಲೆಕ್ಕ ಬಂದಾಗ ಎಲ್ಲರೂ ಸಿಹಿತಿಂಡಿಯನ್ನು ಬೈದರು. ನನ್ನ ಪ್ರಕಾರ ಮೈಸೂರುಪಾಕಿಗಿಂತ ದೊಡ್ಡ ಪಾಲು ದಿನಾ ಮೂರು ಹೊತ್ತು ತಿನ್ನುವ ಬಿಳಿ ಅನ್ನದ್ದು.

ಜಪಾನಿನವರೂ ಅನ್ನ ತಿನ್ನುವವರೇ, ಮತ್ತೆ ಅವರಿಗೆ ಯಾಕೆ ನಮ್ಮಷ್ಟು ತೊಂದರೆ ಆಗಲ್ಲ ಅಂತ ಕೇಳುತ್ತಾರೆ. ವ್ಯತ್ಯಾಸ ಅಳತೆಯಲ್ಲಿದೆ. ಇಲ್ಲಿ ಅನ್ನಕ್ಕೆ ಒಂದು ಸಣ್ಣ ಬಟ್ಟಲು. ಅದರ ಜೊತೆ ಮೀನೋ ತೋಫುವೋ ಒಂದು ತಟ್ಟೆ, ಬೇಯಿಸಿದ ತರಕಾರಿ ಇನ್ನೊಂದು, ಸಮುದ್ರಪಾಚಿಯೋ ಉಪ್ಪಿನಕಾಯಿಯೋ ಪುಟ್ಟ ಬಟ್ಟಲಲ್ಲಿ, ಮಿಸೊ ಸಾರು ಕುಡಿಯಲು. ಸಾರನ್ನು ಅನ್ನಕ್ಕೆ ಸುರಿದು ಕಲೆಸುವುದಿಲ್ಲ. ಹಾಗಾಗಿ ಸಾರು ಮುಗಿಯಲಿಲ್ಲ ಅಂತ ಅನ್ನ, ಅನ್ನ ಮುಗಿಯಲಿಲ್ಲ ಅಂತ ಸಾರು, ಈ ಸುತ್ತು ಶುರುವಾಗುವುದೇ ಇಲ್ಲ. ಪಾಲು ಮೊದಲೇ ಬೇರೆ ಬೇರೆ ಇಟ್ಟಿರುತ್ತಾರೆ, ಯಾರೂ ನಿಂತು ಬಡಿಸುವುದಿಲ್ಲ. ಆ ಬಡಿಸುವ ಪ್ರೀತಿ ಇಲ್ಲಿ ಸಿಗಲ್ಲ, ಅದು ನನಗೆ ನಿಜಕ್ಕೂ ನೆನಪಾಗುತ್ತದೆ.

ಬಿಳಿ ಅನ್ನದ ವಿಷಯದಲ್ಲಿ ಜಪಾನ್ ದೊಡ್ಡ ಪಾಠವನ್ನೇ ಕಲಿತಿದೆ. ಹಿಂದೆ ಇಲ್ಲಿ ಪಾಲಿಶ್ ಮಾಡಿದ ಬೆಳ್ಳಗಿನ ಅಕ್ಕಿ ಅಂದರೆ ದೊಡ್ಡಸ್ತಿಕೆ, ಹಳ್ಳಿಯವರದ್ದು ಕಂದು ಅಕ್ಕಿ, ಬಾರ್ಲಿ. ಪಟ್ಟಣಕ್ಕೆ ಬಂದು ಬಿಳಿ ಅನ್ನ ತಿಂದವರಿಗೆ ನರ, ಹೃದಯಕ್ಕೆ ಹೊಡೆತ ಕೊಡುವ ಬೆರಿಬೆರಿ ಕಾಯಿಲೆ ಬರುತ್ತಿತ್ತು. 1883ರಲ್ಲಿ ರ್‍ಯೂಜೊ ಎಂಬ ನೌಕಾಪಡೆಯ ಹಡಗು ದೂರದ ಯಾನ ಮುಗಿಸಿ ಬಂದಾಗ 376 ಜನರಲ್ಲಿ 169 ಮಂದಿಗೆ ಬೆರಿಬೆರಿ ಆಗಿತ್ತು, 25 ಜನ ಸತ್ತಿದ್ದರು. ತಕಾಕಿ ಕಾನೆಹಿರೊ ಎಂಬ ನೌಕಾಪಡೆಯ ವೈದ್ಯರು ಮರುವರ್ಷ ಅದೇ ದಾರಿಯಲ್ಲಿ ಇನ್ನೊಂದು ಹಡಗು ಕಳಿಸಿ ಊಟ ಮಾತ್ರ ಬದಲಿಸಿದರು. ಅನ್ನ ಕಡಿಮೆ, ಮಾಂಸ, ಬ್ರೆಡ್, ಹಾಲು ಜಾಸ್ತಿ. ಆ ಹಡಗಿನಲ್ಲಿ ಬೆರಿಬೆರಿಗೆ ಒಬ್ಬರೂ ಸಾಯಲಿಲ್ಲ. ಪ್ರೋಟೀನ್ ಕೊರತೆಯೇ ಕಾರಣ ಅಂತ ಅವರು ಅಂದುಕೊಂಡಿದ್ದರು. ನಿಜವಾದ ಕಾರಣ ಅಕ್ಕಿಯ ತೌಡಿನ ಜೊತೆ ಹೋಗಿಬಿಡುವ ಬಿ1 ವಿಟಮಿನ್‌ನ ಕೊರತೆ ಅಂತ ಗೊತ್ತಾಗಿದ್ದು ಆಮೇಲೆ. ನಮ್ಮ ಮಂಗಳೂರು, ಉಡುಪಿ ಕಡೆಯವರ ಕುಚ್ಚಲಕ್ಕಿಯಲ್ಲಿ ಭತ್ತವನ್ನು ಮೊದಲೇ ಬೇಯಿಸುವುದರಿಂದ ಆ ಸತ್ವ ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ. ಆದರೂ ನೋಡಲು ಬೆಳ್ಳಗಿಲ್ಲ, ದಪ್ಪ ಅಂತ ಅಲ್ಲಿಯ ಹೊಸ ತಲೆಮಾರು ಸೋನಾಮಸೂರಿಗೆ ಹೋಗುತ್ತಿದೆ. ಅಕ್ಕಿಯನ್ನೂ ನಾವು ಬಣ್ಣ ನೋಡಿಯೇ ಆರಿಸುತ್ತೇವೆ, ಏನು ಮಾಡೋದು.

ಮೈಯೂ ಕೆಲವು ಸೂಚನೆ ಕೊಡುತ್ತದೆ, ನಾವು ಅದನ್ನು ಅಂದಚಂದದ ಲೆಕ್ಕಕ್ಕೆ ಹಾಕುತ್ತೇವೆ. ಮಕ್ಕಳ ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗೆ ಮಖಮಲ್ಲಿನ ಹಾಗೆ ಕಪ್ಪಾದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಕಡಲೆಹಿಟ್ಟು, ನಿಂಬೆರಸ ಹಾಕಿ ತಿಕ್ಕುತ್ತಾರೆ, ಕೊಳೆ ಅಂತ ಬೈಯುತ್ತಾರೆ. ತುಂಬಾ ಸಲ ಅದು ಕೊಳೆ ಅಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದರ ಮಟ್ಟ ಏರಿದಾಗ ಚರ್ಮ ಹಾಗೆ ಆಗುತ್ತದೆ. ಎಷ್ಟು ತಿಕ್ಕಿದರೂ ಹೋಗಲ್ಲ, ಊಟ ಬದಲಾಗಿ ಹೊಟ್ಟೆ ಕರಗಿದರೆ ನಿಧಾನಕ್ಕೆ ತಿಳಿಯಾಗುತ್ತದೆ. ಕೂದಲು ಉದುರುವುದೂ ಹೀಗೆಯೇ. ಎಣ್ಣೆ ಬದಲಿಸುತ್ತೇವೆ, ಶಾಂಪೂ ಬದಲಿಸುತ್ತೇವೆ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ, ಆದರೆ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸುವವರು ಎಷ್ಟು ಜನ? ಸೊಪ್ಪಿನ ಸಾರು ತಿಂದ ಕೂಡಲೇ ಟೀ ಕುಡಿದರೆ ಆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ, ಸೊಪ್ಪಿಗೆ ನಿಂಬೆ ಹಿಂಡಿ. ಇದಕ್ಕೆ ದುಡ್ಡು ಬೇಕಾಗಿಲ್ಲ.

ಇಷ್ಟು ಓದಿ ಜಪಾನೇ ಆದರ್ಶ ಅಂದುಕೊಳ್ಳಬೇಡಿ. ಇಲ್ಲಿಯ ಊಟದಲ್ಲಿ ಉಪ್ಪು ವಿಪರೀತ. ದಕ್ಷಿಣದ ಓಕಿನಾವ ದ್ವೀಪಗಳ ಗಂಡಸರು ಆಯುಷ್ಯದಲ್ಲಿ ಮುಂದಿದ್ದವರು, ಅಮೆರಿಕದ ಸೇನಾನೆಲೆಗಳ ಜೊತೆ ಬಂದ ಡಬ್ಬಿ ಮಾಂಸ, ಬರ್ಗರ್ ಊಟ ಒಗ್ಗಿಸಿಕೊಂಡ ಮೇಲೆ 2000ನೇ ಇಸವಿಯ ಲೆಕ್ಕದಲ್ಲಿ ಜಪಾನಿನ 47 ಪ್ರಾಂತ್ಯಗಳಲ್ಲಿ 26ನೇ ಸ್ಥಾನಕ್ಕೆ ಇಳಿದರು. ನನಗೆ ಇನ್ನೂ ಜಾಸ್ತಿ ಸಂಕಟ ಆಗುವುದು ಇಲ್ಲಿಯ ಹುಡುಗಿಯರನ್ನು ನೋಡಿದಾಗ. ಆಫೀಸಿನಲ್ಲಿ ಮಧ್ಯಾಹ್ನ ಒಂದು ಪುಟ್ಟ ಸಲಾಡ್, ಒಂದು ಕಪ್ ಮೊಸರು, ಅಷ್ಟರಲ್ಲೇ ಊಟ ಮುಗಿಸುವವರಿದ್ದಾರೆ. ಇಪ್ಪತ್ತರ ವಯಸ್ಸಿನ ಜಪಾನಿ ಹೆಂಗಸರಲ್ಲಿ ಐವರಲ್ಲಿ ಒಬ್ಬರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಾರೆ, ಪತ್ರಿಕೆಗಳೂ ಹಾಗಿರಿ ಅನ್ನುತ್ತವೆ. ಆದರೆ ಇಷ್ಟು ಶ್ರೀಮಂತ ದೇಶದಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಎರಡೂವರೆ ಕೆಜಿಗಿಂತ ಕಡಿಮೆ ಇರುತ್ತವೆ.

ಅದರಿಂದ ಮುಂದೆ ಏನಾಗುತ್ತದೆ ಅಂತ ತೋರಿಸಿದ್ದು ನಮ್ಮ ಮೈಸೂರು. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರಲ್ಲ, ಅದರಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಎಲ್ಲ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಎರಡೂವರೆ ಕೆಜಿ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ ಶೇಕಡಾ 3 ಮಂದಿಗೆ. ತಾಯಿಗೆ ಸಿಗಬೇಕಾದ ಊಟ ಸಿಗದಿದ್ದರೆ ಅದರ ಲೆಕ್ಕ ನಲವತ್ತು ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ಕಾಣಿಸಬಹುದು. ಮದುವೆಗೆ ಮುಂಚೆ ಸಣ್ಣಗಾಗಬೇಕು ಅಂತ ರಾತ್ರಿ ಊಟ ಬಿಡುವ ಬೆಂಗಳೂರಿನ ಹುಡುಗಿಯರಿಗೆ ಇದನ್ನು ಯಾರಾದರೂ ಹೇಳಬೇಕು.

ಇಲ್ಲಿಂದ ನಾನು ಊರಿಗೆ ಒಯ್ಯಬೇಕು ಅಂದುಕೊಂಡಿರುವುದು ಶಾಲೆಯ ಊಟದ ಪಟ್ಟಿ. ತಿಂಗಳಿಗೆ ಒಂದು ಹಾಳೆ ಮನೆಗೆ ಬರುತ್ತದೆ. ಪ್ರತಿ ದಿನದ ಮುಂದೆ ಅವತ್ತಿನ ಅಡುಗೆ, ಅದರಲ್ಲಿ ಹಾಕುವ ಒಂದೊಂದು ಪದಾರ್ಥ, ಕ್ಯಾಲೊರಿ ಎಷ್ಟು ಅಂತ ಬರೆದಿರುತ್ತಾರೆ. ಪದಾರ್ಥಗಳಿಗೆ ಮೂರು ಬಣ್ಣ. ಮೈ ಬೆಳೆಸುವ ಮೀನು, ಮೊಟ್ಟೆ, ಹಾಲು, ಸೋಯಾ ಕೆಂಪು. ಶಕ್ತಿ ಕೊಡುವ ಅನ್ನ, ಎಣ್ಣೆ ಹಳದಿ. ತರಕಾರಿ, ಹಣ್ಣು ಹಸಿರು. ಮಕ್ಕಳೇ ಬಿಳಿ ಏಪ್ರನ್ ಹಾಕಿಕೊಂಡು ತರಗತಿಯಲ್ಲಿ ಬಡಿಸುತ್ತಾರೆ. ನಾವು ಸಸ್ಯಾಹಾರಿಗಳು, ಹಾಗಾಗಿ ಮಗಳು ಮನೆಯಿಂದ ಡಬ್ಬಿ ಒಯ್ಯುತ್ತಾಳೆ. ಫ್ರಿಜ್ಜಿನ ಮೇಲೆ ಅಂಟಿಸಿದ ಹಾಳೆ ನೋಡಿಯೇ ಡಬ್ಬಿ ಕಟ್ಟುತ್ತೇವೆ. ಅವರಿಗೆ ಸುಟ್ಟ ಬಂಗುಡೆ ಇದ್ದ ದಿನ ಇವಳಿಗೆ ಕಡಲೆಕಾಳಿನ ಉಸಲಿ, ಪಾಲಕ್ ಇದ್ದ ದಿನ ಮೆಂತ್ಯ ಸೊಪ್ಪಿನ ಪಲ್ಯ, ಹೆಸರುಬೇಳೆ ಕೋಸಂಬರಿ ಹೆಚ್ಚುಕಡಿಮೆ ದಿನಾ. ಕೋಸಂಬರಿ, ಪಲ್ಯ ನಮ್ಮ ಬಾಳೆಎಲೆಗೆ ಅನ್ನಕ್ಕಿಂತ ಮೊದಲು ಬರುವ ಪದಾರ್ಥಗಳು. ಒಂದು ಚಮಚದ ಬದಲು ಒಂದು ಬಟ್ಟಲು ಹಾಕಿದರೆ ಅನ್ನ ತಾನಾಗಿ ಕಡಿಮೆಯಾಗುತ್ತದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ. ಮೊಟ್ಟೆ ಕೊಡಬೇಕೋ ಬೇಡವೋ ಅಂತ ದೊಡ್ಡ ಜಗಳವೇ ನಡೆದು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಅಂತಾಯಿತು. ಬಹಳ ಒಳ್ಳೆಯ ಕೆಲಸ. ಅದರ ಜೊತೆ ತಿಂಗಳಿಗೆ ಒಂದು ಹಾಳೆ ಮನೆಗೂ ಹೋಗಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇವತ್ತು ಮಗು ಶಾಲೆಯಲ್ಲಿ ಇಷ್ಟು ಬೇಳೆ, ಇಷ್ಟು ತರಕಾರಿ, ಒಂದು ಮೊಟ್ಟೆ ತಿಂದಿದೆ ಅಂತ ಗೊತ್ತಾದರೆ ರಾತ್ರಿ ಮುದ್ದೆಗೆ ಹುರುಳಿಕಾಳಿನ ಸಾರು ಮಾಡೋದಾ, ಬಸ್ಸಾರು ಮಾಡೋದಾ ಅಂತ ಮನೆಯವರು ಯೋಚಿಸಬಹುದು.