ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಕೂಸು

ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಶಿಕ್ಷಕನಾಗಿ, ಕೊನೆಯ ಕೆಲವು ವರ್ಷ ಮುಖ್ಯೋಪಾಧ್ಯಾಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಹತ್ತಿ ಬಿಡಿಸುವ ಕಾಲ ಬಂತೆಂದರೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬರುತ್ತಿದ್ದಳು. ಯಾಕಮ್ಮ ಎಂದು ಕೇಳಿದರೆ, “ಅವ್ವ ಹೊಲಕ್ಕ ಹೋಗ್ಯಾಳ್ರಿ ಸರ್, ಕೂಸು ನೋಡ್ಕೊಳ್ಳಾಕ ಮನ್ಯಾಗ ಯಾರೂ ಇಲ್ರಿ” ಎನ್ನುತ್ತಿದ್ದಳು. ಮಗ್ಗಿ ಹೇಳುವಾಗ ಆ ಕೂಸು ಅವಳ ತೊಡೆಯ ಮೇಲೆ ಮಲಗಿರುತ್ತಿತ್ತು. ಅತ್ತರೆ ಅವಳು ಎದ್ದು ಹೊರಗಿನ ಬೇವಿನ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಮಧ್ಯಾಹ್ನ ಅಡುಗೆಯವರು ಅನ್ನವನ್ನು ಬೇಳೆಯ ಕಟ್ಟಿನಲ್ಲಿ ನುಣ್ಣಗೆ ಕಿವುಚಿ ಆ ಕೂಸಿನ ಬಾಯಿಗೂ ನಾಲ್ಕು ತುತ್ತು ಇಡುತ್ತಿದ್ದರು. ಬಿಸಿಯೂಟದ ವಹಿಯಲ್ಲಿ ಅಂದು ಉಂಡ ಮಕ್ಕಳ ಸಂಖ್ಯೆಯನ್ನು ಬರೆದು ಸಹಿ ಮಾಡುವವನು ನಾನೇ ಆಗಿದ್ದರೂ, ಆ ನಾಲ್ಕು ತುತ್ತನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಮಕ್ಕಳಿಗೆ ಸಾಮಾಜಿಕ ಭದ್ರತೆ ಬೇಕೇ, ಅದು ಸರ್ಕಾರದ ಕೆಲಸವೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕೂಸು. ಬೇಕು ಎನ್ನುವವರ ಪರ ನಾನು. ಆದರೆ ಸುಮ್ಮನೆ ಪರ ಎಂದರೆ ಸಾಲದು. ನಮ್ಮ ರಾಜ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮಗುವಿಗೆ ದೊರೆಯುತ್ತಿರುವುದು ಸಾಕಷ್ಟಿದೆ. ಅದಕ್ಕೂ ಬಹಳ ಮುಂಚೆ, ಹುಟ್ಟಿದ ಮೊದಲ ಮೂರು ವರ್ಷ, ಮಗು ತಾಯಿಯ ಮಡಿಲಲ್ಲೋ ಹೊಲದ ಬದುವಿನ ಜೋಲಿಯಲ್ಲೋ ಇರುವ ಕಾಲಕ್ಕೆ, ದೊರೆಯುತ್ತಿರುವುದು ತೀರ ಕಡಿಮೆ. ನನ್ನ ಆಕ್ಷೇಪವೆಲ್ಲ ಈ ಅಂತರದ ಬಗ್ಗೆ.

ಶಾಲೆಯ ಊಟದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನನಗೆ ತಿಳಿವಳಿಕೆ ಬಂದದ್ದು ಅಲ್ಲಿಂದಲೇ. 1995ರಲ್ಲಿ ಕೇಂದ್ರದ ಯೋಜನೆ ಬಂದಾಗ, ಶೇಕಡ 80ರಷ್ಟು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಎಂದು ಗೊತ್ತುಪಡಿಸಲಾಗಿತ್ತು. ಅಕ್ಕಿ ಹಂಚುವ ದಿನ ಶಾಲೆ ತುಂಬಿರುತ್ತಿತ್ತು, ಮರುದಿನ ಅರ್ಧ ಖಾಲಿ. ಮಧ್ಯಾಹ್ನ ಉಣ್ಣಲೆಂದು ಮನೆಗೆ ಹೋದ ಮಕ್ಕಳಲ್ಲಿ ಎಷ್ಟೋ ಮಂದಿ ಮತ್ತೆ ಬರುತ್ತಿರಲಿಲ್ಲ. ಮನೆಯಲ್ಲಿ ಆ ಹೊತ್ತಿಗೆ ಉಣ್ಣಲು ಏನೂ ಇರುತ್ತಿರಲಿಲ್ಲವೆಂಬುದು ನಮಗೂ ಗೊತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಧಾನ್ಯ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ, ಕನಿಷ್ಠ 300 ಕ್ಯಾಲರಿ ಶಕ್ತಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬಿಸಿ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು ಎಂಬ ಅರ್ಥದ ಆದೇಶ ಹೊರಡಿಸಿತು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಶುರುವಾದ ರಾಜ್ಯದ 7 ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಅಡುಗೆಕೋಣೆ ಇರಲಿಲ್ಲ, ಪಾತ್ರೆ ಸಾಲುತ್ತಿರಲಿಲ್ಲ, ಶಿಕ್ಷಕರಾದ ನಾವು ಸೌದೆಯ ಲೆಕ್ಕ ಬರೆಯಬೇಕೇ ಎಂದು ಗೊಣಗಿದ್ದೂ ಉಂಟು. ನಾನೂ ಗೊಣಗಿದವರಲ್ಲಿ ಒಬ್ಬ. ಆದರೆ ಮಧ್ಯಾಹ್ನದ ನಂತರದ ಹಾಜರಿ ಬದಲಾದದ್ದನ್ನು ಕಣ್ಣಾರೆ ಕಂಡ ಮೇಲೆ ಗೊಣಗಲು ಮನಸ್ಸು ಬರಲಿಲ್ಲ.

ಆಮೇಲೆ ಒಂದೊಂದಾಗಿ ಸೇರಿಕೊಂಡವು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದು, ಹಾಲಿನ ಪುಡಿ ಕಲಸಿ ಕಾಯಿಸಿದ 150 ಮಿಲಿಲೀಟರ್ ಹಾಲು ಮಕ್ಕಳ ಲೋಟ ಸೇರಿತು. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳು ಮಾತ್ರ ಸಾಲಿನಲ್ಲಿ ನಿಂತು ತಿಂದರು. ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ 3 ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೀಡಲು ಒಪ್ಪಿದ ಮೇಲೆ ಮೊಟ್ಟೆ ವಾರಕ್ಕೆ 6 ದಿನವಾಯಿತು. ಇಷ್ಟು ಮುಖ್ಯವಾದ ಕೆಲಸಕ್ಕೆ ದಾನಿಗಳ ಹಣವನ್ನು ನಂಬಿಕೊಳ್ಳಬೇಕಾಯಿತಲ್ಲ ಎಂಬ ಕಸಿವಿಸಿ ನನಗಿದೆ, ಆದರೆ ಅದು ಬೇರೆಯೇ ಚರ್ಚೆ.

ಈಗ ಶಾಲೆಗೆ ಬಾರದ ಆ ಕೂಸಿನ ಕಡೆಗೆ ಬರೋಣ. 6 ತಿಂಗಳಿಂದ 3 ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ಕೂರಿಸಿ ಊಟ ಹಾಕುವ ವ್ಯವಸ್ಥೆಯಿಲ್ಲ. ಪುಷ್ಟಿ ಪುಡಿ, ಧಾನ್ಯ ಇತ್ಯಾದಿಗಳನ್ನು ಪೊಟ್ಟಣದಲ್ಲಿ ಮನೆಗೆ ಕೊಟ್ಟು ಕಳಿಸಲಾಗುತ್ತದೆ. 1995ರ 3 ಕಿಲೋ ಅಕ್ಕಿಗೆ ಆದದ್ದೇ ಇದಕ್ಕೂ ಆಗುತ್ತದೆ: ಐದಾರು ಮಂದಿ ಇರುವ ಮನೆಯ ಒಲೆಗೆ ಹೋದ ಪೊಟ್ಟಣದಲ್ಲಿ ಆ ಮಗುವಿನ ಪಾಲು ಎಷ್ಟೆಂದು ಯಾರು ಹೇಳಬೇಕು? 2017ರಲ್ಲಿ ಕೇಂದ್ರ ನಿಗದಿಪಡಿಸಿದ ಪ್ರಕಾರ ಇಂಥ ಮಗುವಿನ ಪೂರಕ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ. 2025ರ ಕೇಂದ್ರ ಬಜೆಟ್ಟಿನಲ್ಲಿ ಈ ದರವನ್ನು ಸೂಕ್ತವಾಗಿ ಏರಿಸುವ ಮಾತು ಬಂತು. 8 ವರ್ಷದಲ್ಲಿ ತೊಗರಿಬೇಳೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಈಚೆಗೆ, 2025ರ ಜುಲೈಯಿಂದ, ಆ ಪೊಟ್ಟಣ ಪಡೆಯಲು ಫಲಾನುಭವಿಯ ಮುಖವನ್ನು ಮೊಬೈಲ್‌ನಲ್ಲಿ ಗುರುತಿಸುವುದು ಕಡ್ಡಾಯವಾಗಿದೆ. ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬಾಣಂತಿಯೊಬ್ಬಳ ಮುಖದೆದುರು ಫೋನ್ ಹಿಡಿದು, ನೆಟ್‌ವರ್ಕ್ ಸಿಗದೆ, “ಸ್ವಲ್ಪ ಬಿಸಿಲಿಗೆ ಬಾರವ್ವ, ಕಣ್ಣು ಮುಚ್ಚಿ ತೆರಿ” ಎಂದು ಮತ್ತೆ ಮತ್ತೆ ಹೇಳುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಕೇಂದ್ರ ಸರ್ಕಾರ 2018ರಲ್ಲಿ ತಿಂಗಳಿಗೆ 4,500 ರೂಪಾಯಿ ಎಂದು ನಿಗದಿಪಡಿಸಿದ ಗೌರವಧನಕ್ಕೆ ರಾಜ್ಯವು ತನ್ನ ಪಾಲು ಸೇರಿಸಿ ಕೊಡುವ ಮೊತ್ತದಲ್ಲಿ ಆಕೆ ಇದನ್ನೂ ಮಾಡಬೇಕು, ತೂಕವನ್ನೂ ನೋಡಬೇಕು, ಮಕ್ಕಳಿಗೆ ಹಾಡನ್ನೂ ಹೇಳಿಕೊಡಬೇಕು.

ಎಳೆಗೂಸಿಗೆ ಬೇಕಾದದ್ದು ಪುಡಿಗಿಂತ ಮೊದಲು ತಾಯಿಯ ಸಮಯ. ಸಂಘಟಿತ ವಲಯದ ನೌಕರಿಯಲ್ಲಿರುವ ಹೆಣ್ಣುಮಗಳಿಗೆ 2017ರ ತಿದ್ದುಪಡಿಯ ನಂತರ 26 ವಾರಗಳ ವೇತನಸಹಿತ ಹೆರಿಗೆ ರಜೆ ಇದೆ. ನನ್ನ ಸೊಸೆಯೂ ಅದನ್ನು ಪಡೆದಳು, ಆರು ತಿಂಗಳು ಮಗುವಿಗೆ ಎದೆಹಾಲನ್ನಷ್ಟೇ ಕುಡಿಸಲು ಅದರಿಂದಲೇ ಸಾಧ್ಯವಾಯಿತು. ಹತ್ತಿ ಬಿಡಿಸುವವಳಿಗೆ ಇರುವುದು ಮಾತೃವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000, ಎರಡನೆಯದು ಗಂಡಾದರೆ ಏನೂ ಇಲ್ಲ, ಮೂರನೆಯದಕ್ಕೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಹೇಳಿದ್ದು ಗರ್ಭಿಣಿ, ಬಾಣಂತಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದಷ್ಟು ಎಂದು. ಕಾಯ್ದೆಯ ಮಾತು ಯೋಜನೆಯಾಗುವಷ್ಟರಲ್ಲಿ ಹೀಗೆ ಕುಗ್ಗಿತು. ಪಕ್ಕದ ತಮಿಳುನಾಡು ಇದೇ ಕೆಲಸಕ್ಕೆ 18,000 ರೂಪಾಯಿಗಳ ನೆರವನ್ನು ಕಂತುಗಳಲ್ಲಿ ಕೊಡುತ್ತಾ ಬಂದಿದೆ, ಅದರಲ್ಲಿ ಪೌಷ್ಟಿಕ ಆಹಾರದ ಕಿಟ್ ಕೂಡ ಸೇರಿದೆ. ನಮ್ಮಲ್ಲಿ ಬಾಣಂತನ ಐದು ತಿಂಗಳು ಎನ್ನುವುದು ಉಳ್ಳವರ ಮನೆಯ ಮಾತು. ಕೂಲಿಯ ಮನೆಯಲ್ಲಿ ತಿಂಗಳು ತುಂಬುವ ಮೊದಲೇ ಹೊಲಕ್ಕೆ ಹೊರಟವರನ್ನು ನಾನು ಬಲ್ಲೆ, ಕೂಸನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋದವರನ್ನೂ ಬಲ್ಲೆ.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 36.2 ಇತ್ತು, ಅಂದರೆ ನಾಲ್ಕೈದು ವರ್ಷದಲ್ಲಿ ಇಳಿದದ್ದು ಒಂದಂಶಕ್ಕೂ ಕಡಿಮೆ. ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಪಡೆಯುತ್ತಿರುವವರು ಶೇಕಡ 11.3 ಮಾತ್ರ. ಎರಡು ವರ್ಷದೊಳಗೆ ಕುಂಠಿತವಾದ ಬೆಳವಣಿಗೆಯನ್ನು ಆರನೆಯ ವರ್ಷದ ಮೊಟ್ಟೆ ಪೂರ್ತಿ ಸರಿಪಡಿಸಲಾರದು. ಒಂದನೆಯ ತರಗತಿಗೆ ದಾಖಲಾಗಲು ಬಂದ ಮಗುವನ್ನು ನೋಡಿ “ಇದಕ್ಕೆ ಇನ್ನೂ ವಯಸ್ಸಾಗಿಲ್ಲವಲ್ಲ” ಎಂದು ನಾನು ಹೇಳಿದ್ದು, ತಾಯಿ ಜನನ ಪ್ರಮಾಣಪತ್ರ ತೆಗೆದು ತೋರಿಸಿದ್ದು ಒಂದೆರಡು ಸಲವಲ್ಲ.

ಹಾಗಾದರೆ ಹಣವೇ ಇಲ್ಲವೇ? ಇದೆ, ಆದರೆ ಮಗುವನ್ನು ಎಣಿಸಿ ಕೊಡುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಗೆ ಬರುತ್ತದೆ. ಮನೆಯಲ್ಲಿ ಎರಡು ಎಳೆಗೂಸುಗಳಿದ್ದರೂ ಅಷ್ಟೆ, ಮಕ್ಕಳೆಲ್ಲ ದೊಡ್ಡವರಾಗಿ ದುಡಿಯುತ್ತಿದ್ದರೂ ಅಷ್ಟೆ. ಅದೂ ಬಹಳ ಮನೆಗಳಲ್ಲಿ ಯಜಮಾನಿ ಎಂದರೆ ಅತ್ತೆ, ಹೆತ್ತವಳಲ್ಲ. ಆ ಹಣವನ್ನು ನಿಲ್ಲಿಸಿ ಎನ್ನುವವನು ನಾನಲ್ಲ. ಅದರಿಂದ ಸಾಲದ ಕಂತು ಕಟ್ಟಿದವರೂ ಮಕ್ಕಳ ಫೀಸು ತುಂಬಿದವರೂ ನನ್ನ ಬೀದಿಯಲ್ಲೇ ಇದ್ದಾರೆ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಹೆಣ್ಣುಮಗುವಿನ ಹೆಸರಿಗೇ ಇದ್ದ ಯೋಜನೆ. ಆ ಬಾಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ಇಟ್ಟುಕೊಂಡ ತಾಯಂದಿರು ನನ್ನ ಬಳಿ ಅದನ್ನು ಓದಿಸಿಕೊಂಡಿದ್ದಾರೆ. ಹದಿನೆಂಟಕ್ಕೆ ಮೊದಲು ಮದುವೆ ಮಾಡಬಾರದು, ಎಂಟನೆಯ ತರಗತಿಯವರೆಗಾದರೂ ಓದಿಸಬೇಕು ಎಂಬ ಅದರ ಷರತ್ತುಗಳಿಂದ ಒಳ್ಳೆಯದೇ ಆಯಿತು. ಆದರೆ ಹಣ ಕೈಗೆ ಬರುವುದು ಹದಿನೆಂಟು ತುಂಬಿದ ಮೇಲೆ, ಹಸಿವು ಕಾಡುವುದು ಎಂಟನೆಯ ತಿಂಗಳಲ್ಲಿ.

ಮಗುವನ್ನೇ ಎಣಿಸಿ ತಿಂಗಳು ತಿಂಗಳು ಹಣ ಕೊಡುವುದು ಶ್ರೀಮಂತ ದೇಶಗಳಿಗಷ್ಟೇ ಸಾಧ್ಯ ಎನ್ನುವವರು ದಕ್ಷಿಣ ಆಫ್ರಿಕಾವನ್ನು ನೋಡಬೇಕು. ವರ್ಣಭೇದ ನೀತಿ ಕೊನೆಗೊಂಡು ನಾಲ್ಕೇ ವರ್ಷಕ್ಕೆ, 1998ರಲ್ಲಿ, 7 ವರ್ಷದೊಳಗಿನ ಬಡ ಮಕ್ಕಳಿಗೆ ತಿಂಗಳಿಗೆ 100 ರ‍್ಯಾಂಡ್‌ನಿಂದ ಶುರುಮಾಡಿದರು. ಹಣವನ್ನು ತಂದೆಗೋ ಯಜಮಾನನಿಗೋ ಎಂದು ಕಟ್ಟುಹಾಕದೆ, ಅಜ್ಜಿಯೇ ಆಗಲಿ ಚಿಕ್ಕಮ್ಮನೇ ಆಗಲಿ, ಮಗುವನ್ನು ನಿಜವಾಗಿ ಸಾಕುತ್ತಿರುವವರಿಗೆ ಕೊಟ್ಟರು. ಇಂದು 18 ವರ್ಷದವರೆಗೆ ಸುಮಾರು 1.3 ಕೋಟಿ ಮಕ್ಕಳು ಅದರ ವ್ಯಾಪ್ತಿಯಲ್ಲಿದ್ದಾರೆ. ನಮಗಿಂತ ಬಡದೇಶವಾದ ನೇಪಾಳ ಕೂಡ 2009ರಿಂದ 5 ವರ್ಷದೊಳಗಿನ ಮಕ್ಕಳಿಗೆ, ಮೊದಲು ಕರ್ಣಾಲಿ ಪ್ರದೇಶದಲ್ಲಿ ಮತ್ತು ದಲಿತ ಕುಟುಂಬಗಳಲ್ಲಿ, ಚಿಕ್ಕದೊಂದು ಮೊತ್ತವನ್ನು ಕೊಡುತ್ತಿದೆ. ಆ ಹಣ ಪಡೆಯಲು ಜನನ ನೋಂದಣಿ ಬೇಕಾದ್ದರಿಂದ ಅಲ್ಲಿ ನೋಂದಣಿಯೂ ಹೆಚ್ಚಿತು.

ನಗದು ಕೊಟ್ಟರೆ ಗಂಡ ಕುಡಿಯುತ್ತಾನೆ ಎಂಬುದು ನಾನು ಹೆಚ್ಚಾಗಿ ಕೇಳಿದ ಆಕ್ಷೇಪ. ಕುಡಿಯುವವನು ಈ ಹಣಕ್ಕಾಗಿ ಕಾಯುತ್ತಾ ಕುಳಿತಿಲ್ಲ. ಹಲವು ದೇಶಗಳ ನಗದು ಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನಗಳಲ್ಲಿ ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ಹಣದಾಸೆಗೆ ಜನ ಹೆಚ್ಚು ಹೆರುತ್ತಾರೆ ಎಂಬುದು ಎರಡನೆಯದು. ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 1.7, ಈ ಮಾತನ್ನು ಆಡುವವರು ಮೂವತ್ತು ವರ್ಷದ ಹಿಂದಿನ ಗೋಡೆಬರಹವನ್ನು ಇನ್ನೂ ಓದುತ್ತಿದ್ದಾರೆ. ಹಣಕ್ಕಿಂತ ಅನ್ನ ಮೇಲು ಎಂಬ ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಗೌರವಿಸುತ್ತೇನೆ, ಏಕೆಂದರೆ ಶಾಲೆಯ ವಿಷಯದಲ್ಲಿ ನಾನು ಕಲಿತದ್ದೂ ಅದನ್ನೇ. ಆದರೆ ಎದೆಹಾಲನ್ನು ಬೇಯಿಸಿ ಬಡಿಸಲಾಗದು. ಒಂದು ದಿನದ ಕೂಲಿ ಬಿಟ್ಟು ತಾಯಿ ಮನೆಯಲ್ಲಿ ಉಳಿಯಬೇಕಾದರೆ ಆ ಕೂಲಿಯ ಒಂದು ಪಾಲನ್ನಾದರೂ ಯಾರಾದರೂ ತುಂಬಿಕೊಡಬೇಕು. ಉಳಿದ ಹೊತ್ತಿಗೆ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ಕೂಸಿನ ಮನೆಗಳು (ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳು) ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆಯಬೇಕು, ಹೊಲದ ಕೆಲಸ ಹತ್ತಕ್ಕೆ ಶುರುವಾಗುವುದಿಲ್ಲ.

ಲೆಕ್ಕದ ಮೇಷ್ಟ್ರಾಗಿದ್ದವನಾದ್ದರಿಂದ ಒಂದು ಲೆಕ್ಕ ಹಾಕಿದ್ದೇನೆ. ರಾಜ್ಯದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಮಕ್ಕಳು ಹುಟ್ಟುತ್ತಾರೆ ಎಂದು ಹಿಡಿದರೆ 3 ವರ್ಷದೊಳಗಿನವರು 30 ಲಕ್ಷ. ಬಡವ ಬಲ್ಲಿದ ಎಂದು ಸೋಸದೆ ಎಲ್ಲರಿಗೂ ತಿಂಗಳಿಗೆ 1,000 ರೂಪಾಯಿ ಕೊಟ್ಟರೆ ವರ್ಷಕ್ಕೆ 3,600 ಕೋಟಿ. 2025–26ರ ಬಜೆಟ್ಟಿನಲ್ಲಿ ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ, ಅದರ ಎಂಟನೆಯ ಒಂದು ಪಾಲು ಇದು. ಅರ್ಜಿ ನಮೂನೆ, ಬಿಪಿಎಲ್ ಕಾರ್ಡಿನ ಝೆರಾಕ್ಸ್, ಮುಖ ಗುರುತು ಯಾವುದೂ ಬೇಡ. ಹೆರಿಗೆಗಳಲ್ಲಿ ಬಹುಪಾಲು ಈಗ ಆಸ್ಪತ್ರೆಯಲ್ಲೇ ಆಗುತ್ತಿವೆ, ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಮೊದಲೇ ಇರುತ್ತದೆ, ಬ್ಯಾಂಕ್ ಖಾತೆಯೂ ಇರುತ್ತದೆ. ಜನನ ನೋಂದಣಿಯಾದ ದಿನವೇ ಹೆತ್ತವಳ ಹೆಸರಿಗೆ ಆದೇಶ ಹೊರಡಲಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನದೊಳಗೆ ಮೊದಲ ಕಂತು ಬರಲಿ.