ತಲಪಾಡಿಯ ಆಚೆ ಗೌರಿಯಮ್ಮ, ಈಚೆ ನನ್ನ ಅಜ್ಜಿ

ನನ್ನ ಅಜ್ಜಿಯ ಅಕ್ಕನನ್ನು ಮಂಜೇಶ್ವರದ ಹತ್ತಿರ ಕೊಟ್ಟಿದ್ದರು. ಅಜ್ಜಿಯನ್ನು ಬಂಟ್ವಾಳದ ಕಡೆಗೆ. ಇಬ್ಬರೂ ಹೋದದ್ದು ಚಾಲಗೇಣಿ ಒಕ್ಕಲು ಮನೆಗಳಿಗೆ. ಧಣಿಗೆ ಬೇಡ ಅನ್ನಿಸಿದ ದಿನ ಪಾತ್ರೆಪಗಡಿ ಕಟ್ಟಿಕೊಂಡು ಎದ್ದು ಹೋಗಬೇಕು, ಅದು ಚಾಲಗೇಣಿ. ಗೇಣಿ ಅಕ್ಕಿಯನ್ನು ಮುಡಿ ಕಟ್ಟಿ ಅವರ ಅಂಗಳಕ್ಕೆ ಹೊತ್ತು ಹಾಕುವುದು ಎರಡೂ ಕಡೆ ಒಂದೇ ಆಗಿತ್ತು, ಯಾಕೆಂದರೆ ಆಗ ಮಂಗಳೂರು, ಮಂಜೇಶ್ವರ ಎಲ್ಲ ಒಂದೇ ಜಿಲ್ಲೆ. 1956ರ ನವೆಂಬರ್ 1ಕ್ಕೆ ತಲಪಾಡಿಯಲ್ಲಿ ಗಡಿ ಬಿತ್ತು. ಅಕ್ಕ ಕೇರಳದವರಾದರು, ತಂಗಿ ಮೈಸೂರು ರಾಜ್ಯದವರಾದರು.

ಕಾಸರಗೋಡು ಕೈತಪ್ಪಿದ ನೋವು ನಮ್ಮಲ್ಲಿ ಇವತ್ತಿಗೂ ಇದೆ, ನನಗೂ ಇದೆ. ಆದರೆ ಅದರ ಬೆನ್ನಿಗೇ ಆಚೆ ಏನಾಯಿತು ಅನ್ನುವುದನ್ನೂ ಹೇಳಬೇಕಲ್ವಾ? 1957ರ ಏಪ್ರಿಲ್ 5ಕ್ಕೆ ಕಮ್ಯುನಿಸ್ಟ್ ಪಾರ್ಟಿಯ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ಬಂತು. ಆರೇ ದಿನ. ಏಪ್ರಿಲ್ 11ಕ್ಕೆ ಸುಗ್ರೀವಾಜ್ಞೆ ಬಂತು: ಯಾವ ಒಕ್ಕಲನ್ನೂ ಇನ್ನು ಎಬ್ಬಿಸುವ ಹಾಗಿಲ್ಲ. ಆಗ ಕಂದಾಯ ಮಂತ್ರಿ ಕೆ.ಆರ್. ಗೌರಿ, ಜನರ ಬಾಯಲ್ಲಿ ಗೌರಿಯಮ್ಮ. ವಯಸ್ಸು 37. ಮಂಜೇಶ್ವರದ ದೊಡ್ಡಜ್ಜಿ ಕೊನೆಯವರೆಗೂ ಆ ಹೆಸರನ್ನು ಕೈಮುಗಿದೇ ಹೇಳುತ್ತಿದ್ದರು. ಅವರಿಗೆ ಪಾರ್ಟಿ ಗೊತ್ತಿರಲಿಲ್ಲ, ಮಲಯಾಳ ಅಷ್ಟಕ್ಕಷ್ಟೆ. ಗೌರಿಯಮ್ಮ ಗೊತ್ತಿತ್ತು.

ಚೇರ್ತಲ ಹತ್ತಿರದ ಪಟ್ಟಣಕ್ಕಾಡಿನ ಈಳವ ಮನೆಯ ಹುಡುಗಿ. ನಮ್ಮಲ್ಲಿ ಬಿಲ್ಲವರಿದ್ದ ಹಾಗೆ ಅಲ್ಲಿ ಈಳವರು. ದೇವಸ್ಥಾನದ ಒಳಗೆ ಬಿಡದ ಈ ಜನರಿಗಾಗಿ ನಾರಾಯಣ ಗುರುಗಳು ಇಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ದೇವರ ಪ್ರತಿಷ್ಠೆ ಮಾಡಿದ್ದು ಯಾಕೆ ಅಂತ ಗೊತ್ತಿರುವವರಿಗೆ, ಆ ಮನೆಯಿಂದ ಒಬ್ಬ ಹುಡುಗಿ ವಕೀಲೆಯಾಗುವುದು ಎಂಥ ಸಂಗತಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1948ರಲ್ಲಿ ಕಮ್ಯುನಿಸ್ಟ್ ಪಾರ್ಟಿ ಸೇರಿದರು. ಜೈಲಿಗೆ ಹೋದರು, ಪೊಲೀಸರ ಹೊಡೆತ ತಿಂದರು. ಮಂತ್ರಿಯಾದ ವರ್ಷವೇ ಅದೇ ಮಂತ್ರಿಮಂಡಲದ ಟಿ.ವಿ. ಥಾಮಸ್ ಅವರನ್ನು ಮದುವೆಯಾದರು. 1964ರಲ್ಲಿ ಪಾರ್ಟಿ ಒಡೆಯಿತು. ಗಂಡ ಸಿಪಿಐ, ಹೆಂಡತಿ ಸಿಪಿಎಂ. 1967ರ ಸರ್ಕಾರದಲ್ಲಿ ಇಬ್ಬರೂ ಮತ್ತೆ ಮಂತ್ರಿಗಳು, ಬೇರೆ ಬೇರೆ ಪಾರ್ಟಿಯಿಂದ. ಸಂಸಾರ ಮಾತ್ರ ಮತ್ತೆ ಕೂಡಿಕೊಳ್ಳಲಿಲ್ಲ. ಪಾರ್ಟಿಗೋಸ್ಕರ ಮನೆ ಬಿಟ್ಟ ಗಂಡಸರ ಕಥೆ ನಾವು ಬೇಕಾದಷ್ಟು ಕೇಳಿದ್ದೇವೆ. ಈ ಹೆಂಗಸು ಕೊಟ್ಟದ್ದರ ಲೆಕ್ಕ ಇಟ್ಟವರು ಕಡಿಮೆ.

ಅವರು ತಂದ ಭೂಸುಧಾರಣೆಯ ಮಸೂದೆ 1959ರ ಜೂನ್‌ನಲ್ಲಿ ಪಾಸಾಯಿತು, ಜುಲೈ 31ಕ್ಕೆ ಕೇಂದ್ರದವರು ಆ ಸರ್ಕಾರವನ್ನೇ ವಜಾ ಮಾಡಿದರು. ಎರಡನೇ ಸಲ ಕಂದಾಯ ಮಂತ್ರಿಯಾದಾಗ ಮತ್ತೆ ಅದೇ ಕೆಲಸಕ್ಕೆ ಕೂತರು, ಆ ಕಾನೂನು 1970ರ ಜನವರಿ 1ರಿಂದ ಜಾರಿಗೆ ಬಂತು. ದೊಡ್ಡಜ್ಜಿಯ ಮನೆಯವರು ಗೇಣಿ ಹೊರುವುದು ಅಲ್ಲಿಗೆ ನಿಂತಿತು. ಈಚೆ ನಮಗೆ ನಿಜವಾದ ಬಲ ಬಂದದ್ದು ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ.

ಇಷ್ಟು ಮಾಡಿದವರಿಗೆ ಏನು ಸಿಕ್ಕಿತು? 1987ರ ಚುನಾವಣೆಯಲ್ಲಿ ತೆಂಗು ತುಂಬಿದ ಕೇರಳ ನಾಡನ್ನು ಕೆ.ಆರ್. ಗೌರಿ ಆಳುತ್ತಾರೆ ಅಂತ ಊರೂರಲ್ಲಿ ಘೋಷಣೆ ಕೂಗಿದರು. ಗೆದ್ದ ಮೇಲೆ ಮುಖ್ಯಮಂತ್ರಿಯಾದವರು ಇ.ಕೆ. ನಾಯನಾರ್. ಗೌರಿಯಮ್ಮನಿಗೆ ಕೈಗಾರಿಕೆ ಖಾತೆ. ನಾಯನಾರ್ ಬಗ್ಗೆ ನನಗೆ ಗೌರವ ಇದೆ, ಪ್ರಶ್ನೆ ಅವರದ್ದಲ್ಲ. ಗೌರಿಯಮ್ಮನ ಹೆಸರು ಹೇಳಿ ಓಟು ಕೇಳುವಾಗ ಅಡ್ಡಬಾರದ ಪಾರ್ಟಿ ಶಿಸ್ತು, ಅವರನ್ನು ಕುರ್ಚಿಯಲ್ಲಿ ಕೂರಿಸುವಾಗ ಯಾಕೆ ಅಡ್ಡಬಂತು? 1994ರಲ್ಲಿ ಪಾರ್ಟಿಯಿಂದಲೇ ಹೊರಗೆ ಹಾಕಿದರು. ಅವರು ಜೆಎಸ್‌ಎಸ್ (ಜನಾಧಿಪತ್ಯ ಸಂರಕ್ಷಣ ಸಮಿತಿ) ಅಂತ ಸ್ವಂತ ಪಾರ್ಟಿ ಕಟ್ಟಿದರು, ಕಾಂಗ್ರೆಸ್ ಕೂಟಕ್ಕೆ ಹೋದರು, 2001ರಲ್ಲಿ ಆ ಸರ್ಕಾರದಲ್ಲಿ ಕೃಷಿ ಮಂತ್ರಿಯಾದರು. ಅಲ್ಲಿಗೆ ಹೋದದ್ದು ನನಗೆ ಇಷ್ಟವಾಗಲಿಲ್ಲ. ಆದರೆ 75ರ ಹತ್ತಿರದ ಹೆಂಗಸನ್ನು, ಅವರೇ ಕಟ್ಟಿದ ಮನೆಯಿಂದ ಎಬ್ಬಿಸಿ, ಆಮೇಲೆ ಯಾವ ಮನೆಗೆ ಹೋದಿರಿ ಅಂತ ಕೇಳುವುದು ನ್ಯಾಯ ಅಲ್ಲ. ಒಕ್ಕಲನ್ನು ಎಬ್ಬಿಸಬಾರದು ಅಂತ ಕಾನೂನು ತಂದವರು ಅವರು.

2021ರ ಮೇ 11ಕ್ಕೆ ತೀರಿಕೊಂಡರು, 101 ವರ್ಷ. ಲಾಕ್‌ಡೌನ್ ದಿನಗಳು. ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚ್ ಮುಚ್ಚಿತ್ತು, ಬೀಡಿ ಕಟ್ಟುವ ಅಮ್ಮನ ತಡ್ಪೆ (ಮೊರ) ಗೋಡೆಗೆ ಒರಗಿಕೊಂಡಿತ್ತು, ಎಲೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ. ಟಿವಿಯಲ್ಲಿ ಗೌರಿಯಮ್ಮನಿಗೆ ಕೆಂಪು ಬಾವುಟ ಹೊದಿಸಿದ್ದನ್ನು ನೋಡಿ ಅಮ್ಮ ಅತ್ತರು. ಒಂದು ವಾರ ಕಳೆಯಿತು. ಕೇರಳದ ಆರೋಗ್ಯ ಮಂತ್ರಿಯಾಗಿ ನಿಪಾ, ಕೊರೋನಾ ಎರಡನ್ನೂ ಎದುರಿಸಿದ, ಮಟ್ಟನ್ನೂರಿನಲ್ಲಿ 60 ಸಾವಿರಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದ ಕೆ.ಕೆ. ಶೈಲಜಾ ಟೀಚರ್ ಹೊಸ ಮಂತ್ರಿಮಂಡಲದಲ್ಲಿ ಇಲ್ಲ ಅಂತ ಸುದ್ದಿ ಬಂತು. ಎಲ್ಲರೂ ಹೊಸಬರೇ ಇರಲಿ ಅಂತ ಪಾರ್ಟಿಯ ತೀರ್ಮಾನ. ಮುಖ್ಯಮಂತ್ರಿ ಮಾತ್ರ ಹಳಬರೇ. 1957ರಿಂದ ಗೌರಿಯಮ್ಮ ಕಣ್ಣು ಮುಚ್ಚುವವರೆಗೆ ಕೇರಳದಲ್ಲಿ ಒಬ್ಬ ಹೆಂಗಸೂ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತಿರಲಿಲ್ಲ.

ನಾನು ಎಡಪಕ್ಷದ ಮನೆಯಲ್ಲೇ ಬೆಳೆದವಳು, ಅದಕ್ಕೇ ಇಷ್ಟು ಸಂಕಟ. ಬಿಸಿಲಲ್ಲಿ ಡಿ.ಸಿ. ಆಫೀಸಿನ ಎದುರು ಧರಣಿ ಕೂರುವವರು ಬೀಡಿ ಕಟ್ಟುವ ಹೆಂಗಸರು. ಅರ್ಧ ದಿನದ ಬೀಡಿ ಬಿಟ್ಟು, ಸ್ವಂತ ದುಡ್ಡಲ್ಲಿ ಬಸ್ ಹತ್ತಿ ಬರುತ್ತಾರೆ. ಪಿ.ಎಫ್. ಯಾರದ್ದು ಎಷ್ಟು ಬಾಕಿ ಅಂತ ನನ್ನ ಅಮ್ಮನಿಗೆ ಬಾಯಿಪಾಠ. ವೇದಿಕೆ ಮೇಲೆ ಏಳು ಕುರ್ಚಿ ಇದ್ದರೆ ಆರರಲ್ಲಿ ಗಂಡಸರು. ಉಳಿದ ಒಂದರಲ್ಲಿ ಕೂತವರಿಗೆ ಕೊಡುವುದು ಧನ್ಯವಾದದ ಕೆಲಸ.

ಅಜ್ಜಿಯ ವಿಷಯ ಹೇಳದೆ ಮುಗಿಸಲಾರೆ. ಅರಸು ಕಾಲದ ಕಾನೂನಿನಂತೆ, ಗೇಣಿ ಜಾಗ ನಮ್ಮದು ಅಂತ ಡಿಕ್ಲರೇಶನ್ ಕೊಟ್ಟ ಮೇಲೆ ಭೂ ಟ್ರಿಬ್ಯೂನಲ್ ಎದುರು ವಿಚಾರಣೆಗೆ ಕರೆದರು. ಧಣಿಗಳು ಬೆಂಚಿನಲ್ಲಿ ಕೂತಿದ್ದರಂತೆ. ಅಜ್ಜನಿಗೆ ಬಾಯಿ ಬರಲಿಲ್ಲ. ಹೆಗಲ ಬೈರಾಸು ತೆಗೆದು ಕಂಕುಳಲ್ಲಿಟ್ಟು ಸುಮ್ನೆ ನಿಂತುಬಿಟ್ಟರು. ಹಿಂದೆ ನಿಂತಿದ್ದ ಅಜ್ಜಿ ಮುಂದೆ ಬಂದರು. ಯಾವ ಗದ್ದೆಗೆ ಮಳೆಗಾಲದ ಏಣೆಲು ಬೆಳೆ, ಯಾವುದಕ್ಕೆ ಆಮೇಲಿನ ಸುಗ್ಗಿ ಬೆಳೆ, ಯಾವ ವರ್ಷ ಎಷ್ಟು ಮುಡಿ ಹೊತ್ತು ಹಾಕಿದ್ದು, ನೆರೆ ಬಂದ ವರ್ಷ ಎಷ್ಟು ಬಾಕಿ ಉಳಿದದ್ದು, ಎಲ್ಲ ಒಂದೊಂದಾಗಿ ತುಳುವಿನಲ್ಲೇ ಹೇಳಿದರು. ಜಾಗ ಉಳಿಯಿತು. ಆದೇಶ ಬಂದದ್ದು ಅಜ್ಜನ ಹೆಸರಿಗೆ. ಕಳೆದ ವರ್ಷ ಪಾಲಿನ ಕೆಲಸಕ್ಕೆ ಅಂತ ಹಳೆ ಪಹಣಿಗಳನ್ನೆಲ್ಲ ತೆಗೆಸಿ ನೋಡಿದೆ. ಮೊದಲು ಅಜ್ಜ, ಆಮೇಲೆ ಮಾವಂದಿರು. ಅಜ್ಜಿಯ ಹೆಸರು ಯಾವ ಕಾಲಂನಲ್ಲೂ ಇಲ್ಲ.